ತೆಂಗಿನ ಸೀಮೆಯಿಂದ ಕಾಫಿ ಸೀಮೆಗೆ, ಕಾಲ್ನಡಿಗೆಯಲ್ಲಿ

ಬೇಲೂರು, ಹಳೇಬೀಡು ನೋಡುವುದು ನಮ್ಮಲ್ಲಿ ಒಂದೇ ದಿನದ ಕೆಲಸವಾಗಿಬಿಟ್ಟಿದೆ. ಬೆಳಗಿನ ಜಾವ ಬೆಂಗಳೂರು ಬಿಟ್ಟ ವಾಹನ ಊಟಕ್ಕೆ ಮೊದಲು ಒಂದು ದೇವಸ್ಥಾನ, ಊಟವಾದ ಮೇಲೆ ಇನ್ನೊಂದು ದೇವಸ್ಥಾನ ತೋರಿಸಿ, ಕತ್ತಲಾಗುವಷ್ಟರಲ್ಲಿ ಚಿಕ್ಕಮಗಳೂರಿನ ಯಾವುದೋ ಹೋಂಸ್ಟೇ ಮುಟ್ಟಿಸುತ್ತದೆ. ಮರುದಿನ ಮುಳ್ಳಯ್ಯನಗಿರಿ. ಶಿಲ್ಪ ಒಂದು ಕಡೆ, ಬೆಟ್ಟ ಇನ್ನೊಂದು ಕಡೆ; ನಡುವಿನ ನೆಲ ಕಿಟಕಿಯಾಚೆ ಸರಿದುಹೋಗುತ್ತದೆ. ನೋಡಬೇಕಾದದ್ದು ಆ ನಡುವಿನ ನೆಲವನ್ನೇ, ಅದು ಕಣ್ಣಿಗೆ ಬೀಳಬೇಕಾದರೆ ನಡೆಯಲೇಬೇಕು ಎಂಬುದು ಈ ಲೇಖನದ ವಾದ. ಅರಸೀಕೆರೆಯಿಂದ ಹೊರಟು ಹಳೇಬೀಡು, ಬೇಲೂರು, ಆಮೇಲೆ ಪಶ್ಚಿಮದ ಕಾಫಿ ತೋಟಗಳ ಅಂಚು. ಮೂರು ದಿನ ಸಾಕು. ದಿನಕ್ಕೆ ಐದರಿಂದ ಎಂಟು ಕಿಲೋಮೀಟರ್ ನಡೆದು, ಊರಿಂದ ಊರಿಗೆ ಬಸ್ಸು ಹಿಡಿದರಾಯಿತು. ಹತ್ತು ವರ್ಷದ ಮಕ್ಕಳೂ ಅರವತ್ತು ದಾಟಿದವರೂ ಮಾಡಬಹುದಾದ ನಡಿಗೆಗಳಿವು. ಆದರೆ ಕ್ರಮ ತಪ್ಪಬಾರದು. ಪೂರ್ವದಿಂದ ಪಶ್ಚಿಮಕ್ಕೇ ಹೋಗಬೇಕು, ಏಕೆಂದರೆ ಈ ದಾರಿಯಲ್ಲಿ ಮಳೆ ಹಂತಹಂತವಾಗಿ ಹೆಚ್ಚುತ್ತ ಹೋಗುತ್ತದೆ. ಮಳೆ ಬದಲಾದಂತೆ ಮರ, ಬೆಳೆ, ಕೆರೆ, ತಟ್ಟೆಯ ಮೇಲಿನ ಊಟ ಎಲ್ಲವೂ ಬದಲಾಗುತ್ತವೆ. ಅರಸೀಕೆರೆಯಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ. ಅದೇ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಅದು 2,000 ದಾಟುತ್ತದೆ. ಒಂದೇ ಜಿಲ್ಲೆಯೊಳಗೆ ಬಯಲುಸೀಮೆ, ಅರೆಮಲೆನಾಡು, ಮಲೆನಾಡು ಮೂರನ್ನೂ ಕಾಲಿನಿಂದ ಅಳೆಯಬಹುದಾದ ಜಾಗ ಕರ್ನಾಟಕದಲ್ಲಿ ಬಹಳ ಇಲ್ಲ.

ಸುಲಭದ ನಡಿಗೆ ಎಂದರೇನು ಎಂಬುದನ್ನು ಹೊರದೇಶಗಳ ದ್ರಾಕ್ಷಿ ಬೆಟ್ಟಗಳು ಚೆನ್ನಾಗಿ ತೋರಿಸುತ್ತವೆ. ಸ್ವಿಟ್ಜರ್ಲೆಂಡಿನ ಲಾವೋ, ಪೋರ್ಚುಗಲ್ಲಿನ ಡೌರೊ ಕಣಿವೆ ವೈನ್ ದ್ರಾಕ್ಷಿಗೆ ಹೆಸರಾದ ಗುಡ್ಡಗಾಡುಗಳು. ಡೌರೊ 2001ರಲ್ಲಿ, ಲಾವೋ 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎರಡೂ ಕಡೆ ಪಟ್ಟಿ ಸೇರಿದ್ದು ಶಿಖರಗಳಲ್ಲ, ಶತಮಾನಗಳ ಕಾಲ ಜನ ಕಲ್ಲು ಕಟ್ಟಿ, ಮಣ್ಣು ಹೊತ್ತು ಸಾಗುವಳಿ ಮಾಡಿದ ಇಳಿಜಾರು. ಅಲ್ಲಿ ನಡೆಯುವುದು ಹಗುರವಾಗಿರುವುದಕ್ಕೆ ಕಾರಣ ಬೆಟ್ಟ ಚಿಕ್ಕದೆಂದಲ್ಲ. ಬುಟ್ಟಿ ಹೊತ್ತವರು ದಿನವೂ ಓಡಾಡಲೆಂದು ಮಾಡಿಕೊಂಡ ದಾರಿಗಳು ಅಲ್ಲಿವೆ. ಸ್ವಲ್ಪ ದೂರ ಹೋದರೆ ಊರು ಸಿಗುತ್ತದೆ. ಆ ನೆಲದಲ್ಲೇ ಬೆಳೆದದ್ದು ಊರಿನ ಲೋಟಕ್ಕೆ ಬಂದಿರುತ್ತದೆ. ಕರ್ನಾಟಕದಲ್ಲೂ ದ್ರಾಕ್ಷಿ ಉಂಟು, ವೈನೂ ಉಂಟು. ಆದರೆ ಚಿಕ್ಕಬಳ್ಳಾಪುರ, ವಿಜಯಪುರದ ದ್ರಾಕ್ಷಿ ಹೆಚ್ಚಾಗಿ ಬಯಲಿನ ಬೆಳೆ. ಇಳಿಜಾರು, ಬೆಳೆ, ಊರು ಈ ಮೂರೂ ಒಟ್ಟಿಗೆ ಕೂಡುವುದು ನಮ್ಮಲ್ಲಿ ಕಾಫಿಯ ಸೀಮೆಯಲ್ಲಿ. ಬಾಬಾ ಬುಡನ್ ಹದಿನೇಳನೆಯ ಶತಮಾನದಲ್ಲಿ ಏಳು ಬೀಜ ತಂದು ನೆಟ್ಟರೆಂಬ ಕಥೆಯ ಗಿರಿ ಬೇಲೂರಿಗೆ ದೂರವಲ್ಲ. ಬೇಲೂರನ್ನು ಸುತ್ತಿ ಹರಿಯುವ ಯಗಚಿ ಹುಟ್ಟುವುದೂ ಅದೇ ಗಿರಿಶ್ರೇಣಿಯಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಕರ್ನಾಟಕದ್ದು. ಅದನ್ನು ಬೆಳೆಯುವ ಮೂರು ಮುಖ್ಯ ಜಿಲ್ಲೆಗಳಲ್ಲಿ ಹಾಸನ ಒಂದು.

ಮೊದಲ ದಿನ ಅರಸೀಕೆರೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ದೊಡ್ಡ ಜಂಕ್ಷನ್ ಇದು, ಹಾಸನ–ಮಂಗಳೂರು ಕಡೆಯ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. ಹಾಗಾಗಿ ಕಾರಿಲ್ಲದವರಿಗೂ ಇದು ಒಳ್ಳೆಯ ಆರಂಭ. ಹಿಂದಿನ ರಾತ್ರಿಯೇ ಬಂದು ಉಳಿದು, ಬೆಳಕು ಹರಿದ ಮೇಲೆ ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ಮಾಲೇಕಲ್ಲು ತಿರುಪತಿ ಬೆಟ್ಟದ ಬುಡ ಸೇರಬೇಕು. ವೆಂಕಟರಮಣನ ಗುಡಿ ಮೇಲಿದೆ. ಮೆಟ್ಟಿಲುಗಳು ಸಾವಿರಕ್ಕೂ ಹೆಚ್ಚು. ನಿಧಾನವಾಗಿ ಹತ್ತಿದರೂ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಯುವ ದಾರಿ. ಆಷಾಢದ ಜಾತ್ರೆಯ ದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ, ನಡಿಗೆಗೆಂದು ಬರುವವರು ಆ ವಾರ ಬಿಡುವುದು ಒಳ್ಳೆಯದು. ಇದೇ ತಾಲ್ಲೂಕಿನ ಯಾದಾಪುರದಲ್ಲಿ ಜೇನುಕಲ್ ಸಿದ್ಧೇಶ್ವರನ ಬೆಟ್ಟವೂ ಇದೆ. ಅಲ್ಲಿ ಹುಣ್ಣಿಮೆಯಂದು ಜನ ಸೇರುತ್ತಾರೆ. ಉಳಿದ ದಿನ ಗಾಳಿಯ ಸದ್ದು ಬಿಟ್ಟರೆ ನೆಮ್ಮದಿ. ಎರಡರಲ್ಲಿ ಒಂದನ್ನು ಹತ್ತಿದರೆ ಸಾಕು.

ಬೆಟ್ಟದ ಮೇಲೆ ನಿಂತು ನೋಡಬೇಕಾದದ್ದು ಕೆಳಗಿನ ಬಣ್ಣ. ತೆಂಗಿನ ತಲೆಗಳ ಗಾಢ ಹಸಿರು ಎಲ್ಲ ಕಡೆ ಹರಡಿಲ್ಲ. ಕೆರೆಯ ಹಿಂದೆ, ಹಳ್ಳದ ಉದ್ದಕ್ಕೆ, ಕೊಳವೆಬಾವಿ ಇರುವ ಕಡೆ ಪಟ್ಟೆ ಪಟ್ಟೆಯಾಗಿದೆ. ಉಳಿದದ್ದು ರಾಗಿಯ ಹೊಲ, ಕೆಂಪು ಮಣ್ಣು, ದುಂಡು ಬಂಡೆ. ನೀರು ಎಲ್ಲಿದೆ ಎಂಬುದಕ್ಕೆ ತೆಂಗೇ ನಕಾಶೆ. ಈ ಬಂಡೆಗಳು ಭೂವಿಜ್ಞಾನಿಗಳು ಅರಸೀಕೆರೆ–ಬಾಣಾವರ ಗ್ರಾನೈಟ್ ಎಂದು ಹೆಸರಿಟ್ಟ ಶಿಲೆಯ ಸೀಮೆಗೆ ಸೇರಿದವು, ವಯಸ್ಸು ಸುಮಾರು 260 ಕೋಟಿ ವರ್ಷ. ಇಳಿದು ಬಂದ ಮೇಲೆ ಯಾವುದಾದರೂ ತೋಟದ ಮನೆಯವರು ಅಟ್ಟ ತೋರಿಸಲು ಒಪ್ಪಿದರೆ ಆ ಅವಕಾಶ ಬಿಡಬೇಡಿ. ಬಲಿತ ಕಾಯಿಯನ್ನು ಒಂದು ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದಂತೆ ಲೊಟಲೊಟ ಸದ್ದು ಬರಬೇಕು. ಬಂದರೆ ಉಂಡೆ ಕೊಬ್ಬರಿ ಆಗಿದೆ ಎಂದರ್ಥ. ತಿಪಟೂರು, ಅರಸೀಕೆರೆಯ ಮಾರುಕಟ್ಟೆಗಳು ನಿಂತಿರುವುದು ಈ ಒಣಹವೆಯ ಮೇಲೆ. ಇನ್ನೂ ಐವತ್ತು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಮಳೆಗಾಲದ ತೇವದಲ್ಲಿ ಇದೇ ಕಾಯಿಗೆ ಬೂಷ್ಟು ಹಿಡಿಯುವ ಭಯ.

ಸಂಜೆಗೆ ಊರಿನ ಶಿವಾಲಯ. ಎರಡನೆಯ ವೀರಬಲ್ಲಾಳನ ಕಾಲದ, 1220ರ ಸುಮಾರಿನ ಈ ಗುಡಿಯ ಮುಂದಿನ ಮಂಟಪ ನಕ್ಷತ್ರದ ಆಕಾರದ್ದು, ಹೊಯ್ಸಳರಲ್ಲೇ ಅಪರೂಪ. ಬೆಳಿಗ್ಗೆ ಬೆಟ್ಟದ ಗ್ರಾನೈಟನ್ನು ಕೈಯಾರೆ ಮುಟ್ಟಿ ಬಂದವರಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಬುಡದಲ್ಲೇ ಇಷ್ಟು ಕಲ್ಲಿರುವಾಗ ಈ ಗುಡಿ ಬಳಪದ ಕಲ್ಲಿನದ್ದೇಕೆ? ಬಳಪದ ಕಲ್ಲು ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಉಳಿ ಹೇಳಿದಂತೆ ಕೇಳುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಗಾಡಿ ಕಟ್ಟಿ ಅಂಥ ಕಲ್ಲು ತರಿಸುವಷ್ಟು ಹಣ ಮತ್ತು ಹಟ ಈ ಒಣ ಊರಿನಲ್ಲಿತ್ತು. ಊರಿನ ಹೆಸರೇ ಅರಸಿಯೊಬ್ಬಳು ಕಟ್ಟಿಸಿದ ಕೆರೆಯದ್ದು. ಮಳೆ ಕಡಿಮೆ ಇರುವಲ್ಲಿ ಕೆರೆ ಮೊದಲು, ಗುಡಿ ಆಮೇಲೆ. ಕಾರಿನಲ್ಲಿ ಬಂದು ಹತ್ತು ನಿಮಿಷ ನಿಂತು ಹೋದರೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಮೆಟ್ಟಿಲು ಹತ್ತುವುದನ್ನು ಚಾರಣ ಎನ್ನಬಹುದೇ ಎಂದು ಇಲ್ಲೇ ಆಕ್ಷೇಪ ಬರುತ್ತದೆ. ಕುಮಾರ ಪರ್ವತ, ಮುಳ್ಳಯ್ಯನಗಿರಿಗೆ ಹೋಲಿಸಿದರೆ ಇವು ಗುಡ್ಡಗಳೇ ಅಲ್ಲ ಎನ್ನುವವರಿದ್ದಾರೆ. ಎತ್ತರವೊಂದೇ ಅಳತೆಯಾದರೆ ಅವರ ಮಾತು ನಿಜ. ಆದರೆ ಎತ್ತರವೇ ಅಳತೆ ಎಂದುಕೊಂಡದ್ದರ ಫಲವನ್ನು ನಾವು ನೋಡಿದ್ದೇವೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ವಾರಾಂತ್ಯ ಸಾವಿರಾರು ಜನ ಸೇರಿ, ಆಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದೆ ಅರಣ್ಯದ ಚಾರಣಕ್ಕೆ ಬಿಡಬಾರದೆಂದು ಸರ್ಕಾರ ತೀರ್ಮಾನಿಸಬೇಕಾಯಿತು. ಶೋಲಾ ಹುಲ್ಲುಗಾವಲು ಅಷ್ಟು ಪಾದಗಳನ್ನು ತಾಳುವ ನೆಲವಲ್ಲ. ಮಾಲೇಕಲ್ಲಿನ ಕಲ್ಲು ಮೆಟ್ಟಿಲು ಜಾತ್ರೆಯ ಜನವನ್ನು ತಾಳುತ್ತ ಬಂದಿದೆ. ನಮ್ಮ ನಾಲ್ಕು ಜನರ ಭಾರ ಅದಕ್ಕೆ ಲೆಕ್ಕಕ್ಕಿಲ್ಲ. ಮಂಡಿ ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಂದು ಊರುಗೋಲು ಇರಲಿ. ಈ ಒಣ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಅವು ಓಡಾಡುವುದು ಮುಂಜಾವಿನ ಕತ್ತಲಲ್ಲಿ ಮತ್ತು ಮುಸ್ಸಂಜೆ. ಚೆನ್ನಾಗಿ ಬೆಳಕಾದ ಮೇಲೆ ಹತ್ತಿ, ಬಿಸಿಲು ಏರುವ ಮೊದಲು ಇಳಿಯುವುದು, ಮೆಟ್ಟಿಲು ಬಿಟ್ಟು ಪೊದೆಗೆ ನುಗ್ಗದಿರುವುದು, ಇಷ್ಟು ಸಾಕು.

ಎರಡನೆಯ ದಿನ ಬಾಣಾವರ, ಜಾವಗಲ್ ಮೇಲಿನ ರಸ್ತೆಯಲ್ಲಿ ಹಳೇಬೀಡು. ಬಸ್ಸಿನಲ್ಲೇ ಹೋಗಿ, ಕಿಟಕಿಯ ಪಕ್ಕ ಕುಳಿತುಕೊಳ್ಳಿ. ತೆಂಗು ವಿರಳವಾಗಿ ಮುಸುಕಿನ ಜೋಳ, ಶುಂಠಿ, ಆಲೂಗಡ್ಡೆಯ ಹೊಲಗಳು ಬರುತ್ತವೆ. ಹಾಸನ ಸೀಮೆಯ ಆಲೂಗಡ್ಡೆ ಮುಂಗಾರಿನ ಬೆಳೆ, ಬಿತ್ತನೆ ಗಡ್ಡೆ ಬರುವುದು ಪಂಜಾಬಿನಿಂದ. ಜಾವಗಲ್ಲಿನಲ್ಲಿ ಇಳಿದರೆ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ ಸಿಗುತ್ತದೆ, ಬಹುಮಟ್ಟಿಗೆ ಜನಜಂಗುಳಿ ಇಲ್ಲದೆ.

ಇಡೀ ಪಯಣದ ಅತ್ಯುತ್ತಮ ನಡಿಗೆ ಹಳೇಬೀಡಿನದು, ಆದ್ದರಿಂದ ಇಲ್ಲಿ ಇಡೀ ದಿನ ಇಡಬೇಕು. ಸಾಮಾನ್ಯ ಪ್ರವಾಸಿ ಹೊಯ್ಸಳೇಶ್ವರ ನೋಡಿ ಹಿಂದಿರುಗುತ್ತಾನೆ. ಆದರೆ ಹಳೇಬೀಡು ಹಿಂದೆ ದ್ವಾರಸಮುದ್ರ ಎನಿಸಿತ್ತು; ಅದು ಒಂದು ದೇವಾಲಯವಾಗಿರಲಿಲ್ಲ, ರಾಜಧಾನಿಯಾಗಿತ್ತು: ಕೋಟೆ, ಪೇಟೆ, ಬಸದಿ, ಕೆರೆ, ಕೊಳ, ಅರಮನೆಯ ದಿಬ್ಬ ಎಲ್ಲ ಇದ್ದ ಊರು. ಊರನ್ನು ನೋಡಲು ಊರಿನಲ್ಲಿ ನಡೆಯಬೇಕು. ಬೆಳಿಗ್ಗೆ ಹೊಯ್ಸಳೇಶ್ವರದಿಂದ ಹೊರಟರೆ ದಕ್ಷಿಣಕ್ಕೆ ಬಸ್ತಿಹಳ್ಳಿಯ ಜೈನ ಬಸದಿಗಳು; ಅವುಗಳಲ್ಲಿ ಪಾರ್ಶ್ವನಾಥ ಬಸದಿ 1133ರದ್ದು, ಒಳಗಿನ ಕಂಬಗಳಲ್ಲಿ ಮುಖ ಕಾಣುವಷ್ಟು ನುಣುಪು. ಅಲ್ಲಿಂದ ಕೇದಾರೇಶ್ವರ. ಆಮೇಲೆ ಹೊಲಗಳ ನಡುವಿನ ರಸ್ತೆಯಲ್ಲಿ ಹುಲಿಕೆರೆ. ಇಲ್ಲಿನ ಕೊಳ ಹಂತಹಂತವಾಗಿ ಒಳಕ್ಕೆ ಇಳಿಯುತ್ತದೆ, ಮೆಟ್ಟಿಲ ಸಾಲುಗಳ ಮೇಲೆ ಪುಟ್ಟ ಪುಟ್ಟ ಗುಡಿಗಳು. ಕೊನೆಗೆ ಪುಷ್ಪಗಿರಿಯ ಏರು, ಮೇಲೆ ಮಲ್ಲಿಕಾರ್ಜುನ. ಹೋಗಿ ಬರುವುದಕ್ಕೆ ಎಲ್ಲ ಸೇರಿ ಏಳೆಂಟು ಕಿಲೋಮೀಟರ್. ಬೇಡವೆನಿಸಿದರೆ ಹಿಂದಿರುಗಲು ಆಟೋ ಸಿಗುತ್ತದೆ.

ಪುಷ್ಪಗಿರಿಯ ಮೇಲಿಂದ ರಾಜಧಾನಿಯ ಜಾಗ ಅರ್ಥವಾಗುತ್ತದೆ. ಸುತ್ತ ಗುಡ್ಡಗಳು ಕಾವಲಿನಂತೆ, ನಡುವೆ ತಗ್ಗಿನಲ್ಲಿ ದ್ವಾರಸಮುದ್ರದ ಕೆರೆ. ಈ ನೆಲದ ಮಳೆಯೊಂದನ್ನೇ ನಂಬಿದ್ದರೆ ಅಷ್ಟು ದೊಡ್ಡ ನಗರಕ್ಕೆ ನೀರು ಸಾಲುತ್ತಿರಲಿಲ್ಲ. ಯಗಚಿಯ ನೀರನ್ನು ರಣಘಟ್ಟದ ಕಾಲುವೆಯಿಂದ ಇತ್ತ ತಿರುಗಿಸಿದ್ದು ಆ ಕಾಲದ ಜಾಣ್ಮೆ. ಮಲೆನಾಡಿನ ಮಳೆಯನ್ನು ಅರೆಮಲೆನಾಡಿಗೆ ತಂದು ರಾಜಧಾನಿ ಕಟ್ಟಿದರು. 1311ರಲ್ಲಿ ದೆಹಲಿಯ ಮಲಿಕ್ ಕಾಫರನ ದಂಡು ಬಂದದ್ದೂ ಈ ರಾಜಧಾನಿಯ ಸಂಪತ್ತಿನ ಸುದ್ದಿ ಕೇಳಿಯೇ. ಆಮೇಲೆ ಬೀಡು ಹಳೆಯದಾಯಿತು, ಹೆಸರು ಹಳೇಬೀಡಾಯಿತು.

ಹೊಯ್ಸಳೇಶ್ವರವನ್ನು ಸಂಜೆಯ ಓರೆ ಬಿಸಿಲಿಗೆ ಮತ್ತೊಮ್ಮೆ ನೋಡಿ. ಗೋಡೆಯ ಬುಡದಿಂದ ಮೇಲಕ್ಕೆ ಕಣ್ಣು ಹಾಯಿಸಬೇಕು: ಮೊದಲು ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಬಳ್ಳಿಯ ಪಟ್ಟಿಯ ಹತ್ತಿರ ನಿಂತು ಒಂದು ಸುರುಳಿಯನ್ನು ಕಣ್ಣಿನಿಂದಲೇ ಹಿಂಬಾಲಿಸಿ. ತೊಟ್ಟು ಒಂದು ಸುತ್ತು ಒಳಕ್ಕೆ ತಿರುಗಿ, ತನ್ನದೇ ಎಲೆಯ ಹಿಂದೆ ಮರೆಯಾಗಿ, ಇನ್ನೊಂದು ಕಡೆಯಿಂದ ಹೊರಬಂದು ಮುಂದಿನ ಸುರುಳಿಗೆ ಹೋಗುತ್ತದೆ. ಎಲೆಯ ಹಿಂದೆ ಉಳಿ ತೂರಿಸಿ ಕಲ್ಲು ತೆಗೆದಿದ್ದಾರೆ, ಅಲ್ಲಿ ನೆರಳು ನಿಜವಾದ ನೆರಳು. 1121ರಲ್ಲಿ ಕೆಲಸ ಶುರುವಾದ ಈ ಗುಡಿ, ಬೇಲೂರು ಮತ್ತು ಸೋಮನಾಥಪುರದ ಜೊತೆ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಗುರುತು ಹಾಕಿದ ದಾರಿಗಳಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಲಾವೋದಲ್ಲಿ ತಿರುವು ತಿರುವಿಗೆ ಫಲಕವಿದೆ, ಇಲ್ಲಿ ಅದು ಕಡಿಮೆ. ಬಸದಿಯಿಂದ ಹುಲಿಕೆರೆಗೆ, ಹುಲಿಕೆರೆಯಿಂದ ಪುಷ್ಪಗಿರಿಗೆ ನಾಲ್ಕು ಬಾಣದ ಗುರುತು, ಎರಡು ನೆರಳಿನ ಕಟ್ಟೆ, ಒಂದು ಕುಡಿಯುವ ನೀರಿನ ನಲ್ಲಿ ಹಾಕಿಸುವುದು ದೊಡ್ಡ ಖರ್ಚಲ್ಲ; ವಿಶ್ವ ಪರಂಪರೆಯ ಊರಿನಲ್ಲಿ ಅದನ್ನು ಕೇಳುವ ಹಕ್ಕು ನಮಗಿದೆ, ಕೇಳಲೂಬೇಕು. ಅಲ್ಲಿಯವರೆಗೆ ಫೋನಿನ ನಕಾಶೆ ಮತ್ತು ಹೊಲದಲ್ಲಿ ಕೆಲಸ ಮಾಡುವವರ ಬಾಯಿ ಎರಡೂ ಇವೆ. ಎರಡನೆಯದೇ ಹೆಚ್ಚು ನಂಬಿಕೆಯದು, ಯಾವ ದಾರಿಗೆ ಈಗ ಬೇಲಿ ಬಿದ್ದಿದೆ ಎಂಬುದನ್ನೂ ಅವರು ಹೇಳುತ್ತಾರೆ. ಬಿಸಿಲಿನದು ಇನ್ನೊಂದು ಮಾತು. ಮಾರ್ಚಿನಿಂದ ಮೇ ತನಕ ಗುಡಿಯ ಅಂಗಳದ ಕಲ್ಲಿನ ಮೇಲೆ ಬರಿಗಾಲಿಡುವುದೇ ಶಿಕ್ಷೆ. ಚಪ್ಪಲಿ ಬಿಡುವ ಕಡೆ ಹಾಕಿಕೊಳ್ಳಲು ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದು ಟೋಪಿ ಇರಲಿ.

ಮೂರನೆಯ ದಿನ ಬೇಲೂರು, ಹಳೇಬೀಡಿನಿಂದ 16 ಕಿಲೋಮೀಟರ್, ಬಸ್ಸುಗಳಿಗೆ ಬರವಿಲ್ಲ. 1117ರ ಚೆನ್ನಕೇಶವ ಇಂದಿಗೂ ಪೂಜೆ ನಡೆಯುವ ಗುಡಿ. ಮಧ್ಯಾಹ್ನ ಗರ್ಭಗುಡಿ ಮುಚ್ಚುವುದರಿಂದ ಬೆಳಿಗ್ಗೆಯೇ ಹೋಗುವುದು ಲೇಸು. ಇದರ ಶಿಲಾಬಾಲಿಕೆಯರ ಬಗ್ಗೆ ಪುಸ್ತಕಗಳೇ ಇವೆ, ಇಲ್ಲಿ ಹೊಸದಾಗಿ ಹೇಳುವುದಿಲ್ಲ. ಗುಡಿಯಿಂದ ಹೊರಬಂದು ಪಶ್ಚಿಮಕ್ಕೆ, ಬಿಕ್ಕೋಡು, ಅರೇಹಳ್ಳಿಯ ದಿಕ್ಕಿಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ರಸ್ತೆಗೆ ನೆರಳು ಬೀಳುತ್ತದೆ. ಸಿಲ್ವರ್ ಓಕ್ ಮರಗಳು, ಅವನ್ನು ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಹೋಟೆಲಿನ ಊಟದಲ್ಲಿ ಮುದ್ದೆಗಿಂತ ಅಕ್ಕಿ ರೊಟ್ಟಿ, ಕಡುಬು ಮುಂದೆ ಬಂದಿರುತ್ತವೆ. ನವೆಂಬರಿನಿಂದ ಫೆಬ್ರವರಿಯೊಳಗೆ ಬಂದರೆ ಕುಯ್ಲು ಕಾಣುತ್ತದೆ: ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಕಣದಲ್ಲಿ ಹಣ್ಣು ಹರವಿ ಒಣಗಿಸುತ್ತಿರುತ್ತಾರೆ, ಹುಳಿಮಿಶ್ರಿತ ಸಿಹಿ ವಾಸನೆ ರಸ್ತೆಯವರೆಗೂ ಬರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಗಿಡದ ರೆಂಬೆ ಪೂರ್ತಿ ಬಿಳಿ, ಮಲ್ಲಿಗೆಯಂಥ ಪರಿಮಳ. ಆ ಹೂವಿನ ಆಯಸ್ಸು ಎರಡು ಮೂರು ದಿನ. ಮಳೆ ಯಾವಾಗ ಬೀಳುತ್ತದೆಂದು ಬೆಳೆಗಾರನಿಗೂ ಗೊತ್ತಿರುವುದಿಲ್ಲ, ಅದಕ್ಕಾಗಿಯೇ ದಿನ ಗೊತ್ತುಮಾಡಿ ಬರಲಾಗದು. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದ ನಡಿಗೆ ಬೇಡ. ಉಂಬಳದ ಕಾಟ, ಜಾರುವ ಮಣ್ಣು. ಆ ತಿಂಗಳುಗಳಲ್ಲಿ ಅರಸೀಕೆರೆಯ ಬೆಟ್ಟಗಳೇ ಚೆಂದ, ಮೋಡ ಕವಿದಿರುತ್ತದೆ, ಕಾಲಡಿ ಹಸಿರು.

ಆನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆ ಹಿಂಡುಗಳು ವರ್ಷಪೂರ್ತಿ ಓಡಾಡುತ್ತವೆ, ತೋಟದ ಕೆಲಸಗಾರರು ಜೀವ ಕಳೆದುಕೊಂಡಿದ್ದಾರೆ. 2023ರ ಗಣತಿಯಲ್ಲಿ ರಾಜ್ಯದಲ್ಲಿ ಅಂದಾಜು 6,395 ಆನೆಗಳು. ಅವುಗಳಿಗೆ ಕಾಡಿನ ಅಂಚು ಮತ್ತು ತೋಟದ ಅಂಚು ಬೇರೆಯಲ್ಲ. ಹಾಗಿದ್ದ ಮೇಲೆ ಇಲ್ಲಿ ನಡೆಯಿರಿ ಎಂದು ಹೇಳುವುದು ಸರಿಯೇ? ಎಲ್ಲೆಂದರಲ್ಲಿ ನಡೆಯಿರಿ ಎಂದರೆ ತಪ್ಪು. ಅದಕ್ಕೇ ಮೂರನೆಯ ದಿನದ ನಡಿಗೆಗೆ ನಿಯಮ ಬಿಗಿಯಾಗಿರಬೇಕು. ತೋಟ ಖಾಸಗಿ ಜಾಗ, ಮಾಲೀಕರ ಒಪ್ಪಿಗೆ ಇಲ್ಲದೆ ಗೇಟು ದಾಟಬಾರದು. ಉಳಿದುಕೊಂಡ ತೋಟದ ಮನೆಯವರನ್ನೋ ಅಲ್ಲಿನ ಲೆಕ್ಕಪತ್ರ ನೋಡುವ ರೈಟರನ್ನೋ ಜೊತೆಗೆ ಕರೆದುಕೊಂಡು, ಬೆಳಿಗ್ಗೆ ಎಂಟರ ನಂತರ ಹೊರಟು ಸಂಜೆ ನಾಲ್ಕರೊಳಗೆ ಮುಗಿಸಬೇಕು. ಹೊರಡುವ ಮೊದಲು ಹಿಂದಿನ ರಾತ್ರಿ ಹಿಂಡು ಎಲ್ಲಿತ್ತೆಂದು ಕೇಳಬೇಕು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಕೊಡುವ ಸೂಚನೆ ತೋಟದವರ ಫೋನಿಗೆ ಬಂದಿರುತ್ತದೆ. ಹತ್ತಿರದಲ್ಲಿದೆ ಎಂದರೆ ಆ ದಿನದ ನಡಿಗೆ ಇಲ್ಲ. ಯಗಚಿ ಜಲಾಶಯದ ದಂಡೆಗೋ ದೊಡ್ಡಗದ್ದವಳ್ಳಿಗೋ ಹೋಗಬಹುದು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಬೇಲೂರಿಗಿಂತಲೂ ಕೆಲವು ವರ್ಷ ಹಿಂದಿನದು, ವರ್ತಕ ದಂಪತಿ ಕಟ್ಟಿಸಿದ್ದು, ಕೆರೆಯ ಪಕ್ಕ ನಾಲ್ಕು ಗರ್ಭಗುಡಿಗಳ ಅಪರೂಪದ ಕಟ್ಟಡ. ಬೇಲೂರು–ಹಾಸನ ರಸ್ತೆಯಿಂದ ಊರಿಗೆ ಒಳದಾರಿಯಲ್ಲಿ ನಡೆಯುವುದೇ ಒಂದು ಒಳ್ಳೆಯ ಬೆಳಗು.

ಇನ್ನೂ ಒಂದು ದಿನವಿದ್ದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಹೋಗಬೇಕು. ಹಿಂದೆ ಸೊಸೆವೂರು ಎನಿಸಿದ್ದ ಈ ಸಣ್ಣ ಊರೇ ಹೊಯ್ಸಳರ ಮೂಲ. ಸಳ ಹುಲಿಯನ್ನು ಕೊಂದ ಕಥೆಯ ಜಾಗ, ವಸಂತಿಕಾ ದೇವಿಯ ಗುಡಿ, ಹಳೆಯ ಬಸದಿಗಳು ಕಾಫಿ ತೋಟಗಳ ನಡುವೆ ಇವೆ. ಹೊಯ್ಸಳ ಅರಸರ ಬಿರುದುಗಳಲ್ಲಿ ಒಂದು ಮಲೆಪರೊಳ್ಗಂಡ, ಮಲೆಯ ನಾಯಕರೊಳಗೆ ಗಂಡ ಎಂದರ್ಥ. ಬೆಟ್ಟದ ಈ ಜನ ಸೊಸೆವೂರಿನಿಂದ ಬೇಲೂರಿಗೆ, ಬೇಲೂರಿನಿಂದ ದ್ವಾರಸಮುದ್ರಕ್ಕೆ ಇಳಿದು ಬಂದು, ಕೊನೆಗೆ ಅರಸೀಕೆರೆಯ ಒಣನೆಲದಲ್ಲೂ ಕೆರೆ ಕಟ್ಟಿದರು. ನಾವು ಮೂರು ದಿನ ಹತ್ತಿ ಬಂದದ್ದು ಅವರು ಇಳಿದ ದಾರಿ. ಅಂಗಡಿಗೆ ಬಸ್ಸುಗಳು ಕಡಿಮೆ. ಮೂಡಿಗೆರೆಯಿಂದ ಹೋಗುವಾಗಲೇ ವಾಪಸು ಬರುವ ಬಸ್ಸಿನ ಹೊತ್ತನ್ನು ಕಂಡಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ, ಕತ್ತಲೊಳಗೆ ಪೇಟೆ ಸೇರುವಂತೆ.